ಬಂದೂಕು, ಒಳಸಂಚು ಮತ್ತು ಕೋರ್ಟು: ವೂಂಡೆಡ್ ನೀ ಮೊಕದ್ದಮೆಗಳಿಂದ ಕಲಿಯಬೇಕಾದ್ದು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಒಬ್ಬ ಬಡವ ತನ್ನ ನೆಲ ಕೇಳಿದರೆ ಅದು ಸಿವಿಲ್ ದಾವೆ. ನೂರು ಜನ ಕೂಡಿ ಕೇಳಿದರೆ ಅದು ಗಲಭೆ. ಆ ನೂರು ಜನರ ಪೈಕಿ ನಾಲ್ಕು ಜನರ ಕೈಲಿ ಕೋವಿ ಇತ್ತು ಅಂದ್ರೆ ನೂರೂ ಜನರ ಮೇಲೆ ಒಳಸಂಚಿನ ಕೇಸು. ಈ ಲೆಕ್ಕ ಹೇಗೆ ನಡೆಯುತ್ತೆ, ಕೋರ್ಟಿನಲ್ಲಿ ಎಲ್ಲಿ ನಿಲ್ಲುತ್ತೆ, ಎಲ್ಲಿ ಬೀಳುತ್ತೆ ಅನ್ನೋದನ್ನ ಇವತ್ತು ನಾವೆಲ್ಲ ಸೇರಿ ನೋಡೋಣ. ಇದಕ್ಕೆ ಅಮೆರಿಕದ ಒಂದು ದೊಡ್ಡ ಮೊಕದ್ದಮೆಯನ್ನು ಆರಿಸಿಕೊಂಡಿದ್ದೇವೆ. ನಮ್ಮಲ್ಲಿ ಲಾ ಕಾಲೇಜು ಸೇರಿರೋರು ಕೆಲವರಿದ್ದೀರಿ. ಉಳಿದವರು, ಇದು ವಕೀಲರ ವಿಷಯ, ನಮಗ್ಯಾಕೆ ಅಂತ ಎದ್ದು ಹೋಗಬೇಡಿ. ಕೇಸು ಬೀಳೋದು ವಕೀಲರ ಮೇಲಲ್ಲ.

ಮೊದಲು ಜಾಗ ಯಾವುದು ಅಂತ ತಿಳಿಯೋಣ. ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ ಪೈನ್ ರಿಡ್ಜ್ ಅಂತ ಒಂದು ರಿಸರ್ವೇಶನ್ ಇದೆ. ರಿಸರ್ವೇಶನ್ ಅಂದ ತಕ್ಷಣ ನಮಗೆ ಸೀಟು, ನೌಕರಿ ನೆನಪಾಗುತ್ತೆ. ಅಲ್ಲಿ ಆ ಪದಕ್ಕೆ ಬೇರೆ ಅರ್ಥ. ಮೂಲನಿವಾಸಿಗಳ ನೆಲವನ್ನೆಲ್ಲ ಕಿತ್ತುಕೊಂಡು, ಇಷ್ಟರಲ್ಲೇ ಇರಿ ಅಂತ ಗೆರೆ ಹಾಕಿ ಕೊಟ್ಟ ತುಂಡು ನೆಲಕ್ಕೆ ಅವರು ರಿಸರ್ವೇಶನ್ ಅಂತಾರೆ. ನಮ್ಮ ಹಳೆ ಪಠ್ಯಪುಸ್ತಕಗಳು ರೆಡ್ ಇಂಡಿಯನ್ನರು ಅಂತ ಕರೆದರಲ್ಲ, ಆ ಜನ. ಪೈನ್ ರಿಡ್ಜ್‌ನಲ್ಲಿ ಇರೋರು ಓಗ್ಲಾಲ ಲಕೋಟ ಜನಾಂಗದವರು. 1868ರಲ್ಲಿ ಫೋರ್ಟ್ ಲಾರಮಿ ಅನ್ನೋ ಕಡೆ ಅಮೆರಿಕ ಸರ್ಕಾರ ಇವರ ಜೊತೆ ಒಪ್ಪಂದ ಮಾಡಿಕೊಂಡು, ಬ್ಲ್ಯಾಕ್ ಹಿಲ್ಸ್ ಬೆಟ್ಟಗಳೂ ಸೇರಿ ದೊಡ್ಡ ಪ್ರದೇಶ ನಿಮ್ಮದೇ ಅಂತ ಬರೆದುಕೊಟ್ಟಿತು. 1874ರಲ್ಲಿ ಆ ಬೆಟ್ಟಗಳಲ್ಲಿ ಚಿನ್ನ ಕಂಡಿತು. 1877ರಲ್ಲಿ ಸರ್ಕಾರ ಬೆಟ್ಟಗಳನ್ನು ವಾಪಸು ಕಿತ್ತುಕೊಂಡಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಇದಕ್ಕೆ ಪರಿಹಾರ ಕೊಡಬೇಕು ಅಂದಿತು. ಆ ಜನ ಇವತ್ತಿನವರೆಗೂ ದುಡ್ಡು ಮುಟ್ಟಿಲ್ಲ, ನೆಲ ಕೊಡಿ ಅಂತಲೇ ಕೇಳ್ತಿದ್ದಾರೆ.

ಪೈನ್ ರಿಡ್ಜ್‌ನಲ್ಲಿ ವೂಂಡೆಡ್ ನೀ ಅಂತ ಒಂದು ಸಣ್ಣ ಹಳ್ಳಿ. 1890ರ ಡಿಸೆಂಬರ್ 29ರಂದು ಸೈನ್ಯದ ಏಳನೇ ಅಶ್ವದಳ ಅಲ್ಲಿ ಲಕೋಟರ ಒಂದು ಗುಂಪನ್ನು ಸುತ್ತುವರಿದು, ನಿಮ್ಮ ಹತ್ತಿರ ಇರೋ ಬಂದೂಕುಗಳನ್ನೆಲ್ಲ ತಂದು ರಾಶಿ ಹಾಕಿ ಅಂತ ಅಪ್ಪಣೆ ಮಾಡಿತು. ಆಯುಧ ಕಿತ್ತುಕೊಳ್ಳುತ್ತಿರುವಾಗಲೇ ಎಲ್ಲಿಂದಲೋ ಒಂದು ಗುಂಡು ಹಾರಿತು. ಆಮೇಲೆ ಸೈನಿಕರು ಕೋವಿಗಳಿಂದ, ಫಿರಂಗಿಗಳಿಂದ ಗಂಡಸರು ಹೆಂಗಸರು ಮಕ್ಕಳು ಅನ್ನದೆ ಹೊಡೆದುಹಾಕಿದರು. ಸತ್ತವರ ಲೆಕ್ಕವನ್ನು 150ರಿಂದ 300ರವರೆಗೆ ಹೇಳ್ತಾರೆ. ಕೊಂದವರ ಮೇಲೆ ಕೇಸಾಗಲಿಲ್ಲ. ಸುಮಾರು 20 ಸೈನಿಕರಿಗೆ ಆ ದೇಶದ ಅತಿ ದೊಡ್ಡ ಶೌರ್ಯ ಪದಕ ಕೊಟ್ಟರು. ಆ ಹಳ್ಳಿಯ ಜನಕ್ಕೆ 'ಆಯುಧ' ಅನ್ನೋ ಪದ ಕೇಳಿದರೆ ಏನು ನೆನಪಾಗುತ್ತೆ ಅನ್ನೋದನ್ನ ನೀವೇ ಯೋಚಿಸಿ.

ಈಗ 1973ಕ್ಕೆ ಬರೋಣ. ಪೈನ್ ರಿಡ್ಜ್‌ನ ಬುಡಕಟ್ಟು ಮಂಡಳಿಯ ಅಧ್ಯಕ್ಷ ಡಿಕ್ ವಿಲ್ಸನ್ ಅನ್ನೋನು ತನ್ನದೇ ಗೂಂಡಾ ಪಡೆ ಕಟ್ಟಿಕೊಂಡು ಎದುರಾಡಿದವರನ್ನು ಹೊಡೆಸುತ್ತಿದ್ದ. ಹೊರಗಡೆ, ಮೂಲನಿವಾಸಿಗಳನ್ನು ಕೊಂದ ಬಿಳಿಯರ ಮೇಲೆ ಹಗುರವಾದ ಕಲಮು ಹಾಕಿ ಬಿಡುತ್ತಿದ್ದರು. ಅಲ್ಲಿನ ಹಿರಿಯರು, ಅದರಲ್ಲೂ ಹೆಣ್ಣುಮಕ್ಕಳು, ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್ ಅನ್ನೋ ಸಂಘಟನೆಯನ್ನು ಸಹಾಯಕ್ಕೆ ಕರೆದರು. ಅದು 1968ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಹುಟ್ಟಿದ್ದು. ಡೆನ್ನಿಸ್ ಬ್ಯಾಂಕ್ಸ್, ರಸೆಲ್ ಮೀನ್ಸ್ ಅದರ ಮುಖಂಡರು. ಫೆಬ್ರುವರಿ 27ರ ರಾತ್ರಿ ಸುಮಾರು 200 ಜನ ಹೋಗಿ ವೂಂಡೆಡ್ ನೀ ಹಳ್ಳಿಯನ್ನು ಹಿಡಿದುಕೊಂಡರು. 1868ರ ಒಪ್ಪಂದದ ಬಗ್ಗೆ ಮಾತಾಡಿ, ವಿಲ್ಸನ್‌ನನ್ನು ತೆಗೆಯಿರಿ ಅನ್ನೋದು ಬೇಡಿಕೆ.

ಅವರ ಹತ್ತಿರ ಬಂದೂಕು ಇದ್ದವು, ಇದನ್ನ ಮುಚ್ಚಿಡೋ ಅಗತ್ಯ ಇಲ್ಲ. ಬೇಟೆ ಕೋವಿಗಳು, ರೈಫಲ್ಲುಗಳು. ಎದುರಿಗೆ ಯಾರು? ಕೇಂದ್ರ ಸರ್ಕಾರದ ಮಾರ್ಷಲ್‌ಗಳು, ಎಫ್‌ಬಿಐ ಪೊಲೀಸರು, ಸೈನ್ಯದಿಂದ ತರಿಸಿದ ಉಕ್ಕಿನ ಕವಚದ ಬಂಡಿಗಳು, ಎಂ-16 ರೈಫಲ್ಲುಗಳು, ಮೇಲೆ ಹಾರುವ ಸೈನ್ಯದ ವಿಮಾನ. 71 ದಿನ ಮುತ್ತಿಗೆ. ಒಳಗಿದ್ದ ಇಬ್ಬರು, ಫ್ರ್ಯಾಂಕ್ ಕ್ಲಿಯರ್‌ವಾಟರ್ ಮತ್ತು ಬಡ್ಡಿ ಲಮಾಂಟ್, ಗುಂಡೇಟಿಗೆ ಸತ್ತರು. ಸರ್ಕಾರದ ಕಡೆ ಒಬ್ಬ ಮಾರ್ಷಲ್‌ಗೆ ಗುಂಡು ತಗುಲಿ ದೇಹ ಸ್ವಾಧೀನ ತಪ್ಪಿತು. ಮೇ 8ರಂದು ಮುತ್ತಿಗೆ ಮುಗಿಯಿತು. ಅಲ್ಲಿಂದ ಕೋರ್ಟಿನ ಮುತ್ತಿಗೆ ಶುರುವಾಯಿತು.

ನೂರಕ್ಕೂ ಹೆಚ್ಚು ಜನರ ಮೇಲೆ ಫೆಡರಲ್ ಕೋರ್ಟಿನಲ್ಲಿ, ಅಂದ್ರೆ ಕೇಂದ್ರ ಸರ್ಕಾರದ ಕೋರ್ಟಿನಲ್ಲಿ, ದೋಷಾರೋಪ ಬಿತ್ತು. ಬ್ಯಾಂಕ್ಸ್, ಮೀನ್ಸ್ ಇಬ್ಬರ ಮೇಲೆ ಒಳಸಂಚು, ಅಂಗಡಿ ಲೂಟಿ, ಅಧಿಕಾರಿಗಳ ಮೇಲೆ ಹಲ್ಲೆ, ಪೆಟ್ರೋಲ್ ಬಾಂಬು ಇಟ್ಟುಕೊಂಡದ್ದು, ಹೀಗೆ ಸಾಲು ಸಾಲು. ಇವುಗಳಲ್ಲಿ ಒಳಸಂಚು ಅನ್ನೋದು ಯಾಕೆ ಮುಖ್ಯ?

ಕಳ್ಳತನದ ಕೇಸಿಗೆ ಕಳುವಾದ ಮಾಲು ಬೇಕು. ಕೊಲೆ ಕೇಸಿಗೆ ಸತ್ತವನು ಬೇಕು. ಒಳಸಂಚಿನ ಕೇಸಿನಲ್ಲಿ ಅಪರಾಧ ಅಂದ್ರೆ ಒಪ್ಪಿಗೆ. ಇಬ್ಬರೋ ಇಪ್ಪತ್ತು ಜನರೋ, ಇಂಥ ಅಪರಾಧ ಮಾಡೋಣ ಅಂತ ಒಪ್ಪಿಕೊಂಡರು ಅಂತ ತೋರಿಸಬೇಕು. ಅಮೆರಿಕದ ಸಾಮಾನ್ಯ ಒಳಸಂಚಿನ ಕಲಮಿನಲ್ಲಿ ಇದರ ಜೊತೆಗೆ ಅವರಲ್ಲಿ ಒಬ್ಬನಾದರೂ ಆ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿರಬೇಕು. ಆ ಹೆಜ್ಜೆ ತಾನೇ ಅಪರಾಧ ಆಗಿರಬೇಕಿಲ್ಲ. ಫೋನ್ ಮಾಡಿದ್ದು, ಗಾಡಿ ಬಾಡಿಗೆಗೆ ಹಿಡಿದದ್ದೂ ಸಾಕು. ಒಬ್ಬ ಆಡಿದ ಮಾತು ಮಿಕ್ಕವರ ಮೇಲೂ ಸಾಕ್ಷಿಯಾಗುತ್ತೆ. ಇನ್ನು, ಒಪ್ಪಿಗೆ ಅನ್ನೋದನ್ನ ಯಾರೂ ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕೋದಿಲ್ಲ. ಅದನ್ನ ಸುತ್ತಮುತ್ತಲ ಸಂಗತಿಗಳಿಂದ ಊಹಿಸಬೇಕು. ಇಲ್ಲೇ ಬಂದೂಕು ಬರೋದು. ಬಂದೂಕು ಇತ್ತು, ಆದ್ದರಿಂದ ಹಿಂಸೆ ಮಾಡೋ ಉದ್ದೇಶ ಇತ್ತು, ಉದ್ದೇಶ ಇತ್ತು ಅಂದ ಮೇಲೆ ಒಪ್ಪಿಗೆ ಇತ್ತು. ಸರ್ಕಾರಿ ವಕೀಲರು ಹೋಗೋ ದಾರಿ ಇದು.

ಸೌತ್ ಡಕೋಟದಲ್ಲಿ ಜನರ ಮನಸ್ಸು ಕೆಟ್ಟಿದೆ, ಅಲ್ಲಿ ನ್ಯಾಯ ಸಿಗೋದಿಲ್ಲ ಅಂತ ವಿಚಾರಣೆಯನ್ನು ಮಿನಿಸೋಟದ ಸೇಂಟ್ ಪಾಲ್ ನಗರಕ್ಕೆ ವರ್ಗಾಯಿಸಿದರು. 1974ರ ಜನವರಿಯಲ್ಲಿ ಶುರುವಾಗಿ ಎಂಟು ತಿಂಗಳು ನಡೆಯಿತು. ನ್ಯಾಯಾಧೀಶ ಫ್ರೆಡ್ ನಿಕಲ್. ಪ್ರತಿವಾದಿಗಳ ಕಡೆ ವಿಲಿಯಂ ಕುನ್ಸ್ಲರ್, ಮಾರ್ಕ್ ಲೇನ್, ಕೆನೆತ್ ಟಿಲ್ಸನ್ ಮುಂತಾದ ವಕೀಲರು. ಅಲ್ಲಿ ತೀರ್ಪು ಹೇಳೋರು ಜ್ಯೂರಿ, ಅಂದ್ರೆ ಸಾಮಾನ್ಯ ಜನರಿಂದ ಆರಿಸಿದ 12 ಮಂದಿ.

ವಕೀಲರು ಒಂದೊಂದೇ ಕಾಗದ ಕೇಳುತ್ತ ಹೋದರು. ಕೇಳಿದಷ್ಟೂ ಸರ್ಕಾರದ ಹೂರಣ ಹೊರಗೆ ಬಂತು. ಹಳ್ಳಿಯಲ್ಲಿದ್ದ ಒಂದೇ ಟೆಲಿಫೋನ್ ಲೈನನ್ನು ಎಫ್‌ಬಿಐ ಕೋರ್ಟಿನ ಅನುಮತಿ ಇಲ್ಲದೆ ಕದ್ದು ಕೇಳಿತ್ತು. ಪ್ರತಿವಾದಿಗಳಿಗೆ ಕೊಡಬೇಕಾದ ದಾಖಲೆಗಳನ್ನು ಬಚ್ಚಿಟ್ಟಿತ್ತು. ಕೊನೆಗೆ ಒಬ್ಬ ಸಾಕ್ಷಿಯನ್ನು ತಂದು ನಿಲ್ಲಿಸಿದರು. ಬ್ಯಾಂಕ್ಸ್ ಹಾಗಂದ, ಮೀನ್ಸ್ ಹೀಗೆ ಮಾಡಿದ, ನಾನು ಕಣ್ಣಾರೆ ಕಂಡೆ ಅಂತ ಅವನು ಹೇಳಿದ. ಕಂಡೆ ಅಂದ ದಿನಗಳಲ್ಲಿ ಎಷ್ಟೋ ದಿನ ಅವನು ದೂರದ ಕ್ಯಾಲಿಫೋರ್ನಿಯಾದಲ್ಲಿದ್ದ ಅನ್ನೋದಕ್ಕೆ ಪುರಾವೆ ಸಿಕ್ಕಿತು. ಸೈನ್ಯ ಇದರಲ್ಲಿ ಕೈ ಹಾಕಿಲ್ಲ ಅಂತ ಸರ್ಕಾರ ಹೇಳಿದ್ದೂ ಸುಳ್ಳಾಯಿತು. ಪೆಂಟಗನ್ ಕಳಿಸಿದ ಕರ್ನಲ್ ಒಬ್ಬ ಸಿವಿಲ್ ಬಟ್ಟೆ ಹಾಕಿಕೊಂಡು ಅಲ್ಲೇ ಇದ್ದ.

ಸರ್ಕಾರದ ಸಾಕ್ಷ್ಯ ಮುಗಿದ ಮೇಲೆ ಹಲವು ಆರೋಪಗಳನ್ನು ನ್ಯಾಯಾಧೀಶರೇ ಪುರಾವೆ ಸಾಲದು ಅಂತ ತೆಗೆದುಹಾಕಿದರು. ಮಿಕ್ಕಿದ್ದು ಜ್ಯೂರಿಗೆ ಹೋಯಿತು. ಚರ್ಚೆ ನಡೆಯುತ್ತಿದ್ದಾಗ ಒಬ್ಬರು ಕಾಯಿಲೆ ಬಿದ್ದರು. ಉಳಿದ 11 ಜನ ತೀರ್ಪು ಹೇಳಲಿ ಅಂದರೆ ಸರ್ಕಾರ ಒಪ್ಪಲಿಲ್ಲ. 1974ರ ಸೆಪ್ಟೆಂಬರ್ 16ರಂದು ನಿಕಲ್ ಇಡೀ ಕೇಸನ್ನೇ ವಜಾ ಮಾಡಿದರು. ಸರ್ಕಾರದ ತಪ್ಪು ಅಲ್ಲೊಂದು ಇಲ್ಲೊಂದಲ್ಲ, ವಿಚಾರಣೆ ಉದ್ದಕ್ಕೂ ನಡೆದಿದೆ, ನ್ಯಾಯದ ನೀರೇ ಕಲುಷಿತ ಆಗಿದೆ ಅನ್ನೋ ಅರ್ಥದಲ್ಲಿ ಅವರು ಬರೆದರು. ಸರ್ಕಾರ ಮೇಲ್ಮನವಿ ಹೋಯಿತು. ಒಂದು ಆರೋಪಕ್ಕೆ ಎರಡು ಸಲ ವಿಚಾರಣೆ ಇಲ್ಲ ಅಂತ 1975ರಲ್ಲಿ ಮೇಲಿನ ಕೋರ್ಟು ಅದನ್ನ ತೆಗೆದುಹಾಕಿತು.

ಮಿಕ್ಕವರ ಕೇಸುಗಳಲ್ಲಿ ಇನ್ನೊಂದು ಜಗಳ ಎದ್ದಿತು. 1968ರ ಒಂದು ಕಾನೂನು, ದೊಂಬಿಯ ವೇಳೆ ಅಧಿಕಾರಿಯ ಕರ್ತವ್ಯಕ್ಕೆ ಅಡ್ಡಿ ಮಾಡೋದು ಅಪರಾಧ ಅನ್ನುತ್ತೆ. ಆದರೆ ಆ ಅಧಿಕಾರಿ ತನ್ನ ಕರ್ತವ್ಯವನ್ನ ಕಾನೂನು ಪ್ರಕಾರ ಮಾಡ್ತಿರಬೇಕು. ದೇಶದೊಳಗೆ ಪೊಲೀಸ್ ಕೆಲಸಕ್ಕೆ ಸೈನ್ಯವನ್ನ ಬಳಸಬಾರದು ಅಂತ 1878ರಷ್ಟು ಹಳೆಯ ಕಾನೂನು ಅಲ್ಲಿದೆ. ಹಾಗಾದರೆ ಸೈನ್ಯದ ಬಂಡಿ, ಸೈನ್ಯದ ಕೋವಿ, ಸೈನ್ಯದ ಸಲಹೆ ಇಟ್ಟುಕೊಂಡ ಪೊಲೀಸರ ಕೆಲಸ ಕಾನೂನುಬದ್ಧವೆ? ನೆಬ್ರಾಸ್ಕದ ನ್ಯಾಯಾಧೀಶ ವಾರನ್ ಅರ್ಬಮ್ 1974ರಲ್ಲಿ, ಕಾನೂನುಬದ್ಧ ಅನ್ನೋದನ್ನ ಸರ್ಕಾರ ಸಂಶಯ ಇಲ್ಲದಂತೆ ಸಾಬೀತು ಮಾಡಿಲ್ಲ ಅಂತ ಆರೋಪಿಗಳನ್ನು ಬಿಟ್ಟರು. ಸೌತ್ ಡಕೋಟದ ನ್ಯಾಯಾಧೀಶ ಬೋಗ್ 1975ರಲ್ಲಿ, ಸೈನ್ಯದ ಸಾಮಾನು ಎರವಲು ಪಡೆಯೋದು ತಪ್ಪಲ್ಲ, ಸೈನಿಕರನ್ನೇ ಇಳಿಸಿ ಕೆಲಸ ಮಾಡಿಸೋದು ತಪ್ಪು ಅಂದರು. ನಾರ್ತ್ ಡಕೋಟದ ನ್ಯಾಯಾಧೀಶ ವ್ಯಾನ್ ಸಿಕಲ್, ಸೈನ್ಯದ ಅಧಿಕಾರ ಜನರ ಮೇಲೆ ನೇರವಾಗಿ ಬಿದ್ದಿಲ್ಲ ಅಂತ ಹೇಳಿ ಶಿಕ್ಷೆ ಕೊಟ್ಟರು. 1976ರಲ್ಲಿ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಂದೇ ಹಳ್ಳಿ, ಅದೇ ಬಂಡಿಗಳು, ಮೂರು ಕೋರ್ಟಿನಲ್ಲಿ ಮೂರು ಉತ್ತರ. ಯಾವ ಕೋರ್ಟಿನ ಬಾಗಿಲಿಗೆ ಹೋಗಿ ಬಿದ್ದಿರಿ ಅನ್ನೋದರ ಮೇಲೆ ನಿಮ್ಮ ಜೈಲು ನಿಂತಿದೆ.

1868ರ ಒಪ್ಪಂದದ ಪ್ರಕಾರ ಇದು ನಮ್ಮ ನೆಲ, ನಿಮ್ಮ ಕೋರ್ಟಿಗೆ ಇಲ್ಲಿ ಅಧಿಕಾರವೇ ಇಲ್ಲ ಅನ್ನೋ ವಾದವನ್ನೂ ಅರ್ಬಮ್ ಅವರ ಮುಂದೆ ಹೂಡಿದರು. ಹಿರಿಯರು ಬಂದು ತಮ್ಮ ಚರಿತ್ರೆಯನ್ನ ಬಾಯಲ್ಲಿ ಹೇಳಿದರು. ಅವರು ಗೌರವದಿಂದ ಕೇಳಿಸಿಕೊಂಡರು, 1975ರ ಜನವರಿಯಲ್ಲಿ ವಾದ ತಳ್ಳಿಹಾಕಿದರು.

ಒಟ್ಟು ಲೆಕ್ಕ ಹಾಕಿದರೆ ಅಷ್ಟು ಜನರ ಪೈಕಿ ಶಿಕ್ಷೆ ಆದವರು ತೀರಾ ಕಡಿಮೆ. ಹಾಗಾದರೆ ಗೆದ್ದರೆ? ಮುಖಂಡರು ತಿಂಗಳುಗಟ್ಟಲೆ ಕೋರ್ಟಿನ ಬೆಂಚಿನ ಮೇಲೆ ಕೂತರು. ಕೂಡಿದ ದುಡ್ಡೆಲ್ಲ ಜಾಮೀನಿಗೆ, ಓಡಾಟಕ್ಕೆ ಹೋಯಿತು. ಅತ್ತ ಪೈನ್ ರಿಡ್ಜ್‌ನಲ್ಲಿ ವಿಲ್ಸನ್‌ನ ಪಡೆ ತನ್ನ ಕೆಲಸ ಮಾಡುತ್ತಲೇ ಇತ್ತು. ಇನ್ನೂ ಕೆಟ್ಟದ್ದು ಒಂದಿದೆ. ಬ್ಯಾಂಕ್ಸ್‌ನ ಪಕ್ಕದಲ್ಲೇ ಇದ್ದು ಕಾವಲಿನ ಜವಾಬ್ದಾರಿ ನೋಡಿಕೊಳ್ಳುತ್ತಿದ್ದ ಡಗ್ಲಸ್ ಡರ್ಹಮ್ ಎಫ್‌ಬಿಐಯಿಂದ ಸಂಬಳ ಪಡೆಯೋ ಬೇಹುಗಾರ ಅಂತ 1975ರ ಮಾರ್ಚ್‌ನಲ್ಲಿ ಬಯಲಾಯಿತು. ಅಲ್ಲಿಂದ ಯಾರನ್ನ ನೋಡಿದರೂ ಅನುಮಾನ. ಕೆನಡಾದ ಮಿಕ್‌ಮಾಕ್ ಜನಾಂಗದ ಅನ್ನಾ ಮೇ ಅಕ್ವಾಶ್ ಅನ್ನೋ ಹೆಣ್ಣುಮಗಳು ಚಳುವಳಿಗೆ ಜೀವ ತೇಯ್ದವಳು. ಆಕೆ ಬೇಹುಗಾರ್ತಿ ಅನ್ನೋ ಗುಲ್ಲು ಎಬ್ಬಿಸಿದರು. 1976ರ ಫೆಬ್ರುವರಿಯಲ್ಲಿ ಆಕೆಯ ಹೆಣ ಪೈನ್ ರಿಡ್ಜ್‌ನಲ್ಲಿ ಸಿಕ್ಕಿತು. ಚಳಿಗೆ ಸತ್ತಿದ್ದಾಳೆ ಅಂತ ಮೊದಲ ಶವಪರೀಕ್ಷೆ ಹೇಳಿತು, ಎರಡನೇ ಪರೀಕ್ಷೆಯಲ್ಲಿ ತಲೆಯೊಳಗೆ ಗುಂಡು ಸಿಕ್ಕಿತು. ಈ ಕೊಲೆಗೆ 2004ರಲ್ಲಿ ಒಬ್ಬ, 2010ರಲ್ಲಿ ಇನ್ನೊಬ್ಬ ಶಿಕ್ಷೆಗೆ ಗುರಿಯಾದರು. ಇಬ್ಬರೂ ಚಳುವಳಿಯೊಳಗೆ ಇದ್ದವರೇ. ಬೇಹುಗಾರನನ್ನು ಇಟ್ಟವರು ಯಾರೂ ಕಟಕಟೆ ಹತ್ತಲಿಲ್ಲ. ಆದರೆ ಆಕೆಯನ್ನು ಕೊಂದ ಕೈ ನಮ್ಮಂಥವರದೇ ಅನ್ನೋದನ್ನ ಬಿಟ್ಟು ಈ ಕತೆ ಹೇಳೋದು ಮೋಸ. ಗೆಳೆಯರೆ, ಒಳಸಂಚಿನ ಕೇಸು ನಮ್ಮ ನಡುವಿನ ನಂಬಿಕೆಯನ್ನ ತಿನ್ನುತ್ತೆ. ಈ ಮಾತನ್ನ ಬೇರೆ ಎಲ್ಲಕ್ಕಿಂತ ಗಟ್ಟಿಯಾಗಿ ನೆನಪಿಡಿ.

ಇನ್ನು ಬಂದೂಕಿನ ಸಾಕ್ಷಿಗೆ ಬರೋಣ. 1975ರ ಜೂನ್ 26ರಂದು ಅದೇ ಪೈನ್ ರಿಡ್ಜ್‌ನಲ್ಲಿ ಗುಂಡಿನ ಚಕಮಕಿ ನಡೆದು ಇಬ್ಬರು ಎಫ್‌ಬಿಐ ಅಧಿಕಾರಿಗಳು, ಜೋ ಸ್ಟಂಟ್ಸ್ ಅನ್ನೋ ಮೂಲನಿವಾಸಿ ಯುವಕ ಸತ್ತರು. ಅಧಿಕಾರಿಗಳ ಕೊಲೆಗೆ ಮೂರು ಜನರ ವಿಚಾರಣೆ ಆಯಿತು. ಇಬ್ಬರ ವಿಚಾರಣೆ ಅಯೋವದಲ್ಲಿ. ಆತ್ಮರಕ್ಷಣೆ ಅನ್ನೋ ವಾದ ಕೇಳಿ ಜ್ಯೂರಿ 1976ರಲ್ಲಿ ಇಬ್ಬರನ್ನೂ ಬಿಟ್ಟಿತು. ಮೂರನೆಯವನು ಲಿಯೊನಾರ್ಡ್ ಪೆಲ್ಟಿಯರ್. ಅವನ ವಿಚಾರಣೆ 1977ರಲ್ಲಿ ನಾರ್ತ್ ಡಕೋಟದ ಫಾರ್ಗೋದಲ್ಲಿ, ಬೇರೆ ನ್ಯಾಯಾಧೀಶರ ಮುಂದೆ. ಎರಡು ಜೀವಾವಧಿ ಶಿಕ್ಷೆ.

ಆ ಕೇಸಿನ ಬೆನ್ನೆಲುಬು ಒಂದು ಎಆರ್-15 ರೈಫಲ್ಲು. ಸತ್ತ ಅಧಿಕಾರಿಯ ಕಾರಿನ ಡಿಕ್ಕಿಯಲ್ಲಿ ಒಂದು ಖಾಲಿ ತೋಟಾ ಸಿಕ್ಕಿತ್ತು. ತಿಂಗಳುಗಳ ಮೇಲೆ, ಸಾವಿರಾರು ಮೈಲಿ ವಿಸ್ತಾರದ ಆ ದೇಶದ ಇನ್ನೊಂದು ರಾಜ್ಯ ಕನ್ಸಾಸ್‌ನಲ್ಲಿ, ಸ್ಫೋಟಗೊಂಡ ಕಾರಿನಲ್ಲಿ ಕೆಟ್ಟುಹೋದ ರೈಫಲ್ಲು ಸಿಕ್ಕಿತು. ಆ ತೋಟಾ ಇದೇ ರೈಫಲ್ಲಿನದು, ಈ ಥರದ ರೈಫಲ್ಲು ಪೆಲ್ಟಿಯರ್ ಕೈಲಿತ್ತು ಅಂತ ಸರ್ಕಾರ ವಾದಿಸಿತು. 1981ರಲ್ಲಿ ಮಾಹಿತಿ ಕಾಯಿದೆಯಡಿ ಕಾಗದಗಳು ಹೊರಗೆ ಬಂದಾಗ 1975ರ ಅಕ್ಟೋಬರ್ 2ರ ಒಂದು ತಂತಿ ಸಂದೇಶ ಸಿಕ್ಕಿತು. ಈ ರೈಫಲ್ಲಿನ ಕುಟ್ಟುಸೂಜಿಯ ಗುರುತು, ಸ್ಥಳದಲ್ಲಿ ಸಿಕ್ಕ ತೋಟಾಗಳ ಗುರುತು ಬೇರೆ ಬೇರೆ ಅಂತ ಅದರಲ್ಲಿತ್ತು. ಅದು ಬೇರೆ ತೋಟಾಗಳ ಮಾತು, ಡಿಕ್ಕಿಯ ತೋಟಾದ್ದಲ್ಲ ಅಂತ ಸರ್ಕಾರದ ತಜ್ಞ ಸಮಜಾಯಿಷಿ ಕೊಟ್ಟ. 1986ರಲ್ಲಿ ಮೇಲಿನ ಕೋರ್ಟು, ಈ ಕಾಗದ ಮೊದಲೇ ಸಿಕ್ಕಿದ್ದರೆ ಜ್ಯೂರಿ ಬಿಡುಗಡೆ ಮಾಡುವ ಸಾಧ್ಯತೆ ಇತ್ತು, ಆದರೆ ಸಾಧ್ಯತೆ ಇದ್ದರೆ ಸಾಲದು, ಸಂಭವ ಇರಬೇಕು ಅಂತ ಮನವಿ ತಳ್ಳಿತು. ಆ ತೀರ್ಪು ಬರೆದ ನ್ಯಾಯಾಧೀಶ ಹೀನಿಯವರೇ 1991ರಲ್ಲಿ ಅವನಿಗೆ ದಯೆ ತೋರಿಸಿ ಅಂತ ಪತ್ರ ಬರೆದರು. 2025ರ ಜನವರಿಯಲ್ಲಿ ಅಧ್ಯಕ್ಷ ಬೈಡನ್ ಉಳಿದ ಶಿಕ್ಷೆಯನ್ನ ಗೃಹಬಂಧನಕ್ಕೆ ಇಳಿಸಿದರು. ಫೆಬ್ರುವರಿ 18ರಂದು, 80 ವರ್ಷದ ಮುದುಕನಾಗಿ ಪೆಲ್ಟಿಯರ್ ಜೈಲಿನಿಂದ ಹೊರಗೆ ಬಂದ. ಸಾಧ್ಯತೆ, ಸಂಭವ ಅನ್ನೋ ಎರಡು ಪದಗಳ ನಡುವೆ ಒಬ್ಬ ಮನುಷ್ಯನ ಸುಮಾರು 40 ವರ್ಷ ಹೋಯಿತು.

ಇದರ ಪಕ್ಕಕ್ಕೆ ಇನ್ನೊಂದು ಕೇಸು ಇಟ್ಟು ನೋಡಿ. 2016ರ ಜನವರಿ 2ರಂದು ಆರೆಗಾನ್ ರಾಜ್ಯದ ಮಲ್ಹಿಯರ್ ಪಕ್ಷಿಧಾಮದ ಸರ್ಕಾರಿ ಕಟ್ಟಡಗಳನ್ನು ದನ ಸಾಕುವ ಬಂಡಿ ಕುಟುಂಬದ ಅಣ್ಣತಮ್ಮಂದಿರು, ಅವರ ಜೊತೆಯವರು, ಬಂದೂಕು ಹಿಡಿದು ಆಕ್ರಮಿಸಿದರು. ಬಿಳಿಯರು. ಆ ನೆಲ ಪೈಯೂಟ್ ಮೂಲನಿವಾಸಿಗಳ ಪೂರ್ವಿಕರದು. 41 ದಿನ ನಡೆಯಿತು. ವಾರಗಟ್ಟಲೆ ಇವರು ಹೊರಗೆ ಹೋಗಿ ಬರುತ್ತಿದ್ದರು, ಪೊಲೀಸರು ಬಿಡುತ್ತಿದ್ದರು. ಜನವರಿ 26ರಂದು ಹೆದ್ದಾರಿಯಲ್ಲಿ ತಡೆದಾಗ ಇವರಲ್ಲಿ ಒಬ್ಬ ಪೊಲೀಸರ ಗುಂಡಿಗೆ ಸತ್ತ. ಆಮೇಲೆ ಫೆಡರಲ್ ಕೋರ್ಟಿನಲ್ಲಿ ಕೇಸು: ಅಧಿಕಾರಿಗಳನ್ನು ಬೆದರಿಸಿ ಕೆಲಸಕ್ಕೆ ಅಡ್ಡಿಪಡಿಸುವ ಒಳಸಂಚು, ಸರ್ಕಾರಿ ಕಟ್ಟಡದಲ್ಲಿ ಬಂದೂಕು. ಬಂದೂಕು ಇದ್ದದ್ದನ್ನ ಅವರು ಅಲ್ಲಗಳೆಯಲೂ ಇಲ್ಲ. ನಾವು ಪ್ರತಿಭಟನೆಗೆ ಬಂದೆವು, ಅಧಿಕಾರಿಗಳನ್ನ ತಡೆಯೋಣ ಅಂತ ಯಾರೂ ಒಪ್ಪಂದ ಮಾಡಿಕೊಂಡಿಲ್ಲ ಅಂದರು. ಒಳಗೆ ಸರ್ಕಾರದ ಮಾಹಿತಿದಾರರು ಎಷ್ಟೋ ಜನ ಇದ್ದದ್ದೂ ಬಯಲಾಯಿತು. ಅಕ್ಟೋಬರ್ 27ರಂದು ಜ್ಯೂರಿ ಏಳು ಜನರನ್ನೂ ಒಳಸಂಚಿನಿಂದ ಬಿಡುಗಡೆ ಮಾಡಿತು. ಉದ್ದೇಶವನ್ನ ಸರ್ಕಾರ ಸಾಬೀತು ಮಾಡಲಿಲ್ಲ, ನಾವು ಅವರು ಮಾಡಿದ್ದನ್ನ ಮೆಚ್ಚಿದ್ದೇವೆ ಅಂತ ತಿಳಿಯಬೇಡಿ ಅಂತ ಜ್ಯೂರಿಯ ಒಬ್ಬರು ಪತ್ರಿಕೆಗೆ ಬರೆದರು. 2017ರ ಇನ್ನೊಂದು ವಿಚಾರಣೆಯಲ್ಲಿ ಅವರ ಕಡೆಯ ಕೆಲವರಿಗೆ ಶಿಕ್ಷೆಯೂ ಆಯಿತು.

ಇದನ್ನ ಕೇಳಿ ನಿಮಗೆ ಸಿಟ್ಟು ಬರಬಹುದು. ಅವರನ್ನ ಯಾಕೆ ಬಿಟ್ಟರು ಅಂತ ಕೇಳಬಹುದು. ನಾವು ಹಾಗೆ ಕೇಳಬಾರದು ಅಂತ ನಮ್ಮ ಅಭಿಪ್ರಾಯ. ಪುರಾವೆ ಇಲ್ಲದೆ ಶಿಕ್ಷೆ ಬೇಡ ಅನ್ನೋ ನಿಯಮ ಸರಿಯಾದ ನಿಯಮ. ಅದನ್ನ ಒಡೆದರೆ ಮೊದಲು ಪೆಟ್ಟು ಬೀಳೋದು ಬಡವರಿಗೆ, ಕೆಳಗೆ ತಳ್ಳಿಸಿಕೊಂಡವರಿಗೆ. ನಾವು ಕೇಳಬೇಕಾದ್ದು: ಅಷ್ಟೇ ಬಿಗಿಯಾದ ಅಳತೆಗೋಲನ್ನ ಫಾರ್ಗೋದಲ್ಲಿ ಯಾಕೆ ಹಿಡಿಯಲಿಲ್ಲ? ಒಬ್ಬನ ಕೈಲಿದ್ದ ಬಂದೂಕು ಹಕ್ಕು ಅಂತ, ಇನ್ನೊಬ್ಬನ ಕೈಲಿದ್ದದ್ದು ಸಂಚು ಅಂತ ಕಾಣೋದು ಕೋರ್ಟಿಗೆ ಹೋಗೋ ಮುಂಚೆಯೇ, ರಸ್ತೆಯಲ್ಲೇ, ಪೊಲೀಸರ ಕಣ್ಣಿನಲ್ಲೇ ಶುರುವಾಗುತ್ತಲ್ಲ, ಅದನ್ನ ಯಾರು ವಿಚಾರಿಸಬೇಕು?

ನಮ್ಮ ಕಾನೂನಿಗೂ ಇದಕ್ಕೂ ನಂಟಿದೆ. ಎರಡೂ ಇಂಗ್ಲೆಂಡಿನ ಒಂದೇ ಬೇರಿನಿಂದ ಬಂದವು. ಬ್ರಿಟಿಷರು 1913ರಲ್ಲಿ ದಂಡ ಸಂಹಿತೆಗೆ 120-ಎ, 120-ಬಿ ಸೇರಿಸಿದರು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 61ನೇ ಕಲಮು. ಅಪರಾಧ ಮಾಡಲು ಒಪ್ಪಿದರೆ ನಮ್ಮಲ್ಲಿ ಅಮೆರಿಕದ ಹಾಗೆ ಇನ್ನೊಂದು ಹೆಜ್ಜೆಯೂ ಬೇಕಿಲ್ಲ, ಒಪ್ಪಿಗೆಯೇ ಸಾಕು. ಜ್ಯೂರಿಯೂ ನಮ್ಮಲ್ಲಿಲ್ಲ. ಆದ್ದರಿಂದ ನಾವು ಇನ್ನೂ ಹುಷಾರಾಗಿ ಓದಬೇಕು.

ಯಾರ ಮೇಲಾದರೂ ಇಂಥ ಕೇಸು ಬಿತ್ತು ಅಂತ ಕೇಳಿದರೆ ಘೋಷಣೆ ಕೂಗುವ ಮುಂಚೆ ಚಾರ್ಜ್‌ಶೀಟು ತರಿಸಿ ಓದಿ. ಆಯುಧ ಎಲ್ಲಿ ಸಿಕ್ಕಿತು, ಯಾವ ದಿನ, ಯಾವ ಹೊತ್ತು, ಮಹಜರಿಗೆ ಸಹಿ ಹಾಕಿದ ಪಂಚರು ಯಾರು, ಅವರು ಆ ಊರವರೇನಾ ಅಂತ ನೋಡಿ. ಪ್ರಯೋಗಾಲಯದ ವರದಿ ಪೂರ್ತಿ ಇದೆಯೇ, ಬಚ್ಚಿಟ್ಟ ಹಾಳೆ ಇದೆಯೇ ಅಂತ ಕೇಳಿ. ಒಬ್ಬನ ಬಂದೂಕಿನಿಂದ ಇನ್ನೊಬ್ಬನ ಒಪ್ಪಿಗೆ ಹೇಗೆ ಹುಟ್ಟಿತು ಅಂತ ಸಾಲು ಸಾಲಿಗೂ ಕೇಳಿ. ಸೇಂಟ್ ಪಾಲ್‌ನಲ್ಲಿ ಗೆದ್ದದ್ದು ಹೀಗೆ ಕೇಳಿದ್ದರಿಂದ. ಫಾರ್ಗೋದಲ್ಲಿ ಸೋತದ್ದು, ಕೇಳಬೇಕಾದ ಕಾಗದ ನಾಲ್ಕು ವರ್ಷ ತಡವಾಗಿ ಕೈಗೆ ಸಿಕ್ಕಿದ್ದರಿಂದ. ಜೊತೆಯವನ ಮೇಲೆ ಅನುಮಾನ ಬಂದರೆ ಗುಲ್ಲು ಹಬ್ಬಿಸಬೇಡಿ, ಎದುರು ಕೂರಿಸಿ ಎಲ್ಲರ ಮುಂದೆ ಕೇಳಿ.

ಲಾ ಓದುತ್ತಿರೋ ನಮ್ಮ ಹುಡುಗರು, ಹುಡುಗಿಯರು ಈ ವಾರ ಒಂದು ಕೆಲಸ ಮಾಡಲಿ. 61ನೇ ಕಲಮನ್ನು ಕನ್ನಡದಲ್ಲಿ ಬಿಡಿಸಿ ಬರೆದು ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಅಂಟಿಸಲಿ. ಮುಂದಿನ ಸಭೆಯಲ್ಲಿ ಅದರ ಮೇಲೆ ನೀವು ಪ್ರಶ್ನೆ ಕೇಳಿ, ನಾವೆಲ್ಲ ಕೂತು ಉತ್ತರ ಹುಡುಕೋಣ.